ಅಪ್ಪನ ಕಾಲಿನ ರಕ್ತನಾಳ ಬ್ಲಾಕ್ ಆಗಿದೆ: ಬಲೂನ್ ಈಗಲೇ ಮಾಡಿಸಬೇಕಾ, ಕಾಯಬಹುದಾ?

ಮಳೆಬಿಲ್ಲು

ನಮಸ್ಕಾರ. ಅಪ್ಪನ ವಿಷಯ ಕೇಳಬೇಕಿತ್ತು. ವಯಸ್ಸು 66. ಶುಗರ್, ಬಿ.ಪಿ. ಎರಡೂ ಇವೆ. ಸಿಗರೇಟು ಕಡಿಮೆ ಮಾಡಿದ್ದಾರೆ, ಬಿಟ್ಟಿಲ್ಲ. ಕೆಲವು ತಿಂಗಳಿಂದ ಸ್ವಲ್ಪ ದೂರ ನಡೆದರೆ ಸಾಕು, ಬಲಗಾಲಿನ ಮೀನಖಂಡ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಎರಡು ಮೂರು ನಿಮಿಷ ನಿಂತರೆ ತಾನಾಗಿಯೇ ಬಿಡುತ್ತದೆ. ಮತ್ತೆ ಹೊರಟರೆ ಅಷ್ಟೇ ದೂರಕ್ಕೆ ಮತ್ತೆ ಅದೇ ನೋವು.

ನಾಳದಲ್ಲಿ ರಕ್ತದ ಓಟ ನೋಡುವ ಡಾಪ್ಲರ್ ಸ್ಕ್ಯಾನ್ ಆಯಿತು. ತೊಡೆಯ ಮುಖ್ಯ ರಕ್ತನಾಳ ಮಧ್ಯದಲ್ಲಿ ಪೂರ್ತಿ ಮುಚ್ಚಿದೆ, ಮಂಡಿಯ ಸ್ವಲ್ಪ ಮೇಲೆ ಸಣ್ಣ ನಾಳಗಳ ಮೂಲಕ ಮತ್ತೆ ರಕ್ತ ಬಂದು ಸೇರುತ್ತಿದೆ ಅಂತ ರಿಪೋರ್ಟಿನಲ್ಲಿದೆ. ಬಲೂನ್ ಹಾಕಿ ತೆರೆಯಬಹುದು, ಬೇಕಾದರೆ ಸ್ಟೆಂಟ್ (ನಾಳವನ್ನು ತೆರೆದಿಡುವ ಲೋಹದ ಜಾಲರಿ ಕೊಳವೆ) ಇಡೋಣ, ಯೋಚನೆ ಮಾಡಿ ಬನ್ನಿ ಅಂದರು ಡಾಕ್ಟರ್. ಅಣ್ಣ ಈ ವಾರವೇ ಮಾಡಿಸೋಣ ಅನ್ನುತ್ತಾನೆ. ಅಪ್ಪ ಬೇಡವೇ ಬೇಡ ಅನ್ನುತ್ತಾರೆ. "ನೂರಕ್ಕೆ ನೂರು ಬ್ಲಾಕ್" ಅಂತ ಓದಿದ ಮೇಲೆ ನನಗಂತೂ ಕಾಲೇ ಹೋಗಿಬಿಡುತ್ತೇನೋ ಅಂತ ಭಯ. ಗೊತ್ತಿರುವವರು ದಯವಿಟ್ಟು ಹೇಳಿ.

ಗುಡುಗಪ್ಪ

ಯೋಚನೆ ಮಾಡೋಕೆ ಏನಿದೆ ಇದರಲ್ಲಿ? ಮಾಡಿಸಿ. ನನಗೆ ಸೊಂಟದ ಹತ್ತಿರದ ನಾಳ ಬ್ಲಾಕ್ ಆಗಿತ್ತು. ಕುಂಡೆ, ತೊಡೆ ಎಲ್ಲಾ ಹಿಡಿದುಕೊಳ್ಳುತ್ತಿತ್ತು. ಸ್ಟೆಂಟ್ ಹಾಕಿದರು, ಮಾರನೇ ದಿನ ಮನೆಗೆ ಕಳಿಸಿದರು. ವರ್ಷಗಳೇ ಆದವು, ಒಂದು ತೊಂದರೆ ಇಲ್ಲ. ಸುಮ್ನೆ ಕಾಯ್ತಾ ಕೂತರೆ ಬ್ಲಾಕ್ ತಾನಾಗಿ ಕರಗುತ್ತಾ?

ಲ್ಯಾಬ್ ಸಿಸ್ಟರ್

ಗುಡುಗಪ್ಪನವರೇ, ಸ್ವಲ್ಪ ತಡೀರಿ. ನಾನು ಆಂಜಿಯೋ, ಬಲೂನ್ ಮಾಡುವ ಕ್ಯಾಥ್ ಲ್ಯಾಬಿನಲ್ಲಿ ನರ್ಸ್. ಇಂಥ ಕೇಸು ದಿನಾ ನೋಡುತ್ತೇನೆ.

ಮಳೆಬಿಲ್ಲು ಮೇಡಂ, ಮೊದಲು ಇಷ್ಟು ಹೇಳಿ. ರಾತ್ರಿ ಮಲಗಿದಾಗ ಪಾದ ನೋಯುತ್ತಾ? ನೋವಿಗೆ ಎದ್ದು ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಕೂರುತ್ತಾರಾ? ಬೆರಳಲ್ಲಿ, ಹಿಮ್ಮಡಿಯಲ್ಲಿ, ಬೆರಳ ಸಂದಿಯಲ್ಲಿ ಎಲ್ಲಾದರೂ ವಾಸಿಯಾಗದ ಗಾಯ ಇದೆಯಾ? ಕಪ್ಪಾಗಿದೆಯಾ? ಅಪ್ಪನನ್ನು ಕೇಳಿದರೆ ಸಾಲದು, ಸಾಕ್ಸ್ ಬಿಚ್ಚಿಸಿ ನೀವೇ ನೋಡಿ. ಶುಗರ್ ಇರುವವರಿಗೆ ಗಾಯ ಆಗಿದ್ದೇ ಗೊತ್ತಾಗುವುದಿಲ್ಲ.

ಇನ್ನೊಂದು, ಎ.ಬಿ.ಐ. ಅಂತ ಒಂದು ಟೆಸ್ಟ್ ಮಾಡಿದ್ದಾರಾ? ಕಾಲಿನ ಹರಡಿನ ಹತ್ತಿರದ ಬಿ.ಪಿ.ಯನ್ನು ತೋಳಿನ ಬಿ.ಪಿ.ಯಿಂದ ಭಾಗಿಸುವುದು, ಅಷ್ಟೇ. ತೋಳಲ್ಲಿ 140, ಹರಡಲ್ಲಿ 84 ಬಂದರೆ 0.6. ಸಾಮಾನ್ಯವಾಗಿ 1.0ರಿಂದ 1.4ರ ಒಳಗೆ ಇರಬೇಕು. 0.9 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಾಳ ಕಿರಿದಾಗಿದೆ ಅಂತ ಅರ್ಥ.

ಶುಗರ್ ಇರುವವರಲ್ಲಿ ಈ ಲೆಕ್ಕ ಮೋಸ ಮಾಡುತ್ತದೆ. ನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿ ಗಟ್ಟಿಯಾಗಿರುತ್ತದೆ. ಪಟ್ಟಿ ಎಷ್ಟು ಬಿಗಿದರೂ ನಾಳ ಅಮುಕುವುದಿಲ್ಲ. ಆಗ 1.4ಕ್ಕಿಂತ ಮೇಲೆ ಬರುತ್ತದೆ. ಅದನ್ನು ನೋಡಿ "ಚೆನ್ನಾಗಿದೆ" ಅನ್ನಬಾರದು. ಕಾಲಿನ ಹೆಬ್ಬೆರಳಿನ ಬಿ.ಪಿ. ನೋಡಬೇಕು. ಅಲ್ಲಿನ ನಾಳಗಳು ಅಷ್ಟು ಗಟ್ಟಿಯಾಗಿರುವುದಿಲ್ಲ.

"ಪೂರ್ತಿ ಬ್ಲಾಕ್" ಅನ್ನುವ ಪದಕ್ಕೆ ಹೆದರಬೇಡಿ. ಹೃದಯದ ನಾಳ ದಿಢೀರ್ ಮುಚ್ಚುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಕಾಲಿನಲ್ಲಿ ಸಾಮಾನ್ಯವಾಗಿ ವರ್ಷಗಟ್ಟಲೆ ನಿಧಾನವಾಗಿ ಮುಚ್ಚುತ್ತದೆ. ಮುಖ್ಯ ರಸ್ತೆ ಬಂದ್ ಆದಾಗ ಜನ ಗಲ್ಲಿಗಳಲ್ಲಿ ಸುತ್ತಿ ಬರುವ ಹಾಗೆ, ಅಕ್ಕಪಕ್ಕದ ಸಣ್ಣ ನಾಳಗಳು ಹಿಗ್ಗಿ ರಕ್ತ ಒಯ್ಯುತ್ತವೆ. ನಿಮ್ಮ ರಿಪೋರ್ಟಿನಲ್ಲಿ ಇರುವುದೂ ಅದೇ. ಕೂತಾಗ, ಮಲಗಿದಾಗ ಅಷ್ಟು ರಕ್ತ ಸಾಕು. ನಡೆದಾಗ ಸಾಲುವುದಿಲ್ಲ.

ಮಳೆಬಿಲ್ಲು

ಸಿಸ್ಟರ್, ತುಂಬಾ ಥ್ಯಾಂಕ್ಸ್. ಈಗಷ್ಟೇ ನೋಡಿದೆ. ಗಾಯ ಇಲ್ಲ. ಹಿಮ್ಮಡಿ ಒಡೆದಿದೆ, ಆದರೆ ಎರಡೂ ಕಾಲಲ್ಲಿ ಒಂದೇ ಥರ. ರಾತ್ರಿ ನೋವಿಲ್ಲ. ಬಲಗಾಲಿನ ಮೀನಖಂಡದ ಕೆಳಗೆ ಕೂದಲು ಕಡಿಮೆ, ಪಾದ ಸ್ವಲ್ಪ ತಣ್ಣಗಿದೆ. ಎ.ಬಿ.ಐ. ಮಾಡಿದ ಹಾಗಿಲ್ಲ, ರಿಪೋರ್ಟಿನಲ್ಲಿ ಎಲ್ಲೂ ಬರೆದಿಲ್ಲ.

ಸಂಶಯ ಪಿಶಾಚಿ

ನೋಡಿದಿರಾ? ಹರಡಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡುವ ಟೆಸ್ಟ್ ಮಾಡಿಲ್ಲ, ಸ್ಟೆಂಟ್ ಮಾತು ಮಾತ್ರ ಬಂದುಬಿಟ್ಟಿದೆ. ನೋವು ನಡೆದಾಗ ಮಾತ್ರ ಅಂದರೆ ಈಗ ಯಾಕೆ ಕೈ ಹಾಕಬೇಕು? ಆಮೇಲೆ ಆ ಬಲೂನಿಗೆ ಹಚ್ಚುವ ಔಷಧಿಯಿಂದ ಜನ ಸಾಯುತ್ತಾರೆ ಅಂತ ದೊಡ್ಡ ಗಲಾಟೆ ಆಗಿತ್ತಲ್ಲ, ಅದರ ಬಗ್ಗೆ ಯಾರೂ ಮಾತೇ ಆಡುವುದಿಲ್ಲ.

ನೀಲಿ ಛತ್ರಿ

ಕಾಯಿರಿ ಅನ್ನುವವರು ನಮ್ಮ ಅಮ್ಮನ ಕಥೆಯನ್ನೂ ಕೇಳಿ.

ಅಮ್ಮನಿಗೆ ಕಿರುಬೆರಳ ಪಕ್ಕ ಒಂದು ಸಣ್ಣ ಗಾಯ. ಚಪ್ಪಲಿ ಉಜ್ಜಿ ಆದದ್ದು. ಒಂದು ಕ್ಲಿನಿಕ್ಕಿನಲ್ಲಿ ವಾರಗಟ್ಟಲೆ ಡ್ರೆಸಿಂಗ್ ಮಾಡಿದರು. ಆಂಟಿಬಯೋಟಿಕ್ ಬದಲಾಯಿಸಿ ಬದಲಾಯಿಸಿ ಕೊಟ್ಟರು. ಒಬ್ಬರೂ ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಲಿಲ್ಲ. ಗಾಯದ ಅಂಚು ಬೂದು ಬಣ್ಣಕ್ಕೆ ತಿರುಗಿತು. ಡ್ರೆಸಿಂಗ್ ತೆಗೆದಾಗ ರಕ್ತದ ಹನಿಯೂ ಬರುತ್ತಿರಲಿಲ್ಲ. ಒಳ್ಳೆಯ ಗಾಯ ಉಜ್ಜಿದರೆ ಸ್ವಲ್ಪ ರಕ್ತ ಬರಬೇಕು ಅಂತ ಆಮೇಲೆ ಬೇರೆ ಆಸ್ಪತ್ರೆಯ ಡಾಕ್ಟರ್ ಹೇಳಿದರು. ಅಷ್ಟು ಹೊತ್ತಿಗೆ ಬೆರಳ ತುದಿ ಕಪ್ಪಾಗಿತ್ತು.

ಅವರು ಮಂಡಿ ಕೆಳಗಿನ ನಾಳಗಳಿಗೆ ಬಲೂನ್ ಮಾಡಿದರು. ಮೂರು ನಾಳಗಳಲ್ಲಿ ಒಂದನ್ನು ತೆರೆಯಲು ಆಯಿತು. ಪಾದ ಬೆಚ್ಚಗಾಯಿತು. ಕಿರುಬೆರಳು ಉಳಿಯಲಿಲ್ಲ, ಪಾದ ಉಳಿಯಿತು. ಗಾಯ ಪೂರ್ತಿ ಮುಚ್ಚಲು ತಿಂಗಳುಗಳು ಹಿಡಿದವು. ನಡುವೆ ಅದೇ ನಾಳ ಮತ್ತೆ ಕಿರಿದಾಗಿ ಇನ್ನೊಮ್ಮೆ ಬಲೂನ್ ಆಯಿತು. ಆ ಕ್ಲಿನಿಕ್ಕಿನವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ನಡಿಗೆ ಮೇಷ್ಟ್ರು

ಛತ್ರಿ ಅಕ್ಕ, ನಿಮ್ಮ ಅಮ್ಮನ ಕಾಲು ಮತ್ತು ಮಳೆಬಿಲ್ಲು ಅವರ ಅಪ್ಪನ ಕಾಲು ಎರಡೂ ಬೇರೆ ಬೇರೆ ಹಂತದಲ್ಲಿವೆ. ಗಾಯ ಇದ್ದರೆ ಒಂದು ದಿನವೂ ಕಾಯಬಾರದು, ನಡಿಗೆ ವ್ಯಾಯಾಮವೂ ಬೇಡ. ನಡೆದಾಗ ಮಾತ್ರ ನೋವಿದ್ದರೆ ದಾರಿ ಬೇರೆ.

ನಾನು ಫಿಸಿಯೋಥೆರಪಿಸ್ಟ್. "ವಾಕಿಂಗ್ ಮಾಡಿ" ಅಂತ ಒಂದೇ ಸಾಲು ಹೇಳಿ ಕಳಿಸಿದರೆ ಯಾರಿಗೂ ಉಪಯೋಗ ಆಗುವುದಿಲ್ಲ. ನೋವು ಬಂದ ಕೂಡಲೇ ನಿಂತು ಮನೆಗೆ ವಾಪಸ್ ಬರುತ್ತಾರೆ. ಮಾಡುವ ರೀತಿ ಹೀಗೆ: ಮೂರರಿಂದ ಐದು ನಿಮಿಷದ ಒಳಗೆ ನೋವು ಶುರುವಾಗುವ ವೇಗದಲ್ಲಿ ನಡೆಯಬೇಕು. ನೋವು ಬಂದ ಮೇಲೂ ನಡೆಯಬೇಕು. ಮಧ್ಯಮಕ್ಕಿಂತ ಸ್ವಲ್ಪ ಜಾಸ್ತಿ ಆದಾಗ ನಿಲ್ಲಬೇಕು. ನೋವು ಪೂರ್ತಿ ಹೋಗುವವರೆಗೆ ನಿಂತೋ ಕೂತೋ ಇರಬೇಕು, ಅರ್ಧ ನೋವಲ್ಲಿ ಹೊರಡಬಾರದು. ಮತ್ತೆ ನಡೆಯಬೇಕು. ಹೀಗೆ ವಿಶ್ರಾಂತಿ ಸೇರಿ 30ರಿಂದ 45 ನಿಮಿಷ, ವಾರಕ್ಕೆ ಮೂರು ದಿನವಾದರೂ, ಕನಿಷ್ಠ 12 ವಾರ. ಒಂದೇ ಸಲಕ್ಕೆ ಎಂಟು ಹತ್ತು ನಿಮಿಷ ನಡೆಯಲು ಆದಾಗ ವೇಗ ಅಥವಾ ಏರು ಹೆಚ್ಚಿಸಬೇಕು.

ಜನ ಆರನೇ ವಾರದ ಹೊತ್ತಿಗೆ "ಏನೂ ಆಗಲಿಲ್ಲ" ಅಂತ ಬಿಡುತ್ತಾರೆ. ಅಲ್ಲೇ ಹಿಡಿದು ಕೂರಿಸಬೇಕು. ಬ್ಲಾಕ್ ಇದರಿಂದ ತೆರೆಯುವುದಿಲ್ಲ, ಅದು ಅಲ್ಲೇ ಇರುತ್ತದೆ. ಇರುವ ರಕ್ತದಲ್ಲಿ ಕೆಲಸ ಮಾಡಲು ಸ್ನಾಯು ಕಲಿಯುತ್ತದೆ. ನಡೆಯುವ ದೂರ ನಿಜವಾಗಿ ಹೆಚ್ಚುತ್ತದೆ.

ಶುರು ಮಾಡುವ ಮೊದಲು ಹೃದಯ ಪರೀಕ್ಷೆ ಮಾಡಿಸಿ. ಕಾಲಿನ ನಾಳದಲ್ಲಿ ಕೊಬ್ಬು ಕಟ್ಟಿದವರಿಗೆ ಹೃದಯದ್ದೂ ಹಾಗೇ ಇರುವುದು ಬಹಳ ಸಾಮಾನ್ಯ.

ಗುಡುಗಪ್ಪ

ಮೇಷ್ಟ್ರೇ, 12 ವಾರ ನೋವು ತಿಂದುಕೊಂಡು ನಡೆಯುವುದಕ್ಕಿಂತ ಒಂದು ಗಂಟೆ ಮೇಜಿನ ಮೇಲೆ ಮಲಗುವುದು ಸುಲಭ ಅಲ್ವಾ?

ತಂತಿ ಡಾಕ್ಟರ್

ಸುಲಭವೇ. ನಾನು ಮಾಡುವ ಕೆಲಸವೇ ಅದು, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಅನುಮಾನದಿಂದಲೇ ಕೇಳಿ. ನಾನು ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್, ಅಂದರೆ ಎಕ್ಸ್-ರೇಯಲ್ಲಿ ನೋಡುತ್ತಾ ನಾಳದೊಳಗೆ ತಂತಿ, ಬಲೂನ್ ಹಾಕುವ ಡಾಕ್ಟರ್. ಈ ಅಪ್ಪನ ಕಾಲನ್ನು ನಾನು ನೋಡಿಲ್ಲ. ಆದ್ದರಿಂದ ಸಾಮಾನ್ಯ ಮಾತು ಮಾತ್ರ ಹೇಳುತ್ತೇನೆ. ಉದ್ದ ಆಗುತ್ತದೆ, ಕ್ಷಮಿಸಿ.

ಗುಡುಗಪ್ಪನವರಿಗೆ ಚೆನ್ನಾಗಾದದ್ದು ನಿಜ. ಅವರ ಬ್ಲಾಕ್ ಇದ್ದದ್ದು ಸೊಂಟದ ಮಟ್ಟದಲ್ಲಿ, ಇಲಿಯಾಕ್ ನಾಳದಲ್ಲಿ. ಅದು ಅಗಲವಾದ ನಾಳ, ರಕ್ತ ರಭಸವಾಗಿ ಹರಿಯುತ್ತದೆ, ಮಡಚುವುದು ಕಡಿಮೆ. ಅಲ್ಲಿ ಇಟ್ಟ ಸ್ಟೆಂಟ್ ಹೆಚ್ಚಿನವರಲ್ಲಿ ಐದು ವರ್ಷ ದಾಟಿಯೂ ತೆರೆದಿರುತ್ತದೆ. ತೊಡೆಗೆ ಇಳಿದರೆ ಫಲಿತಾಂಶ ಒಂದು ಮೆಟ್ಟಿಲು ಕೆಳಗೆ. ಮಂಡಿ ಕೆಳಗೆ ಇನ್ನೊಂದು ಮೆಟ್ಟಿಲು ಕೆಳಗೆ. ಅಲ್ಲಿ ನಾಳದ ಅಗಲ ಎರಡೂವರೆ ಮೂರು ಮಿಲಿಮೀಟರ್, ತಿಂಗಳುಗಳಲ್ಲೇ ಮತ್ತೆ ಮುಚ್ಚುವುದು ಸಾಮಾನ್ಯ. ಹಾಗಾದರೂ ಛತ್ರಿಯವರ ಅಮ್ಮನಿಗೆ ಮಾಡಿದ್ದು ಸರಿ. ಗಾಯ ವಾಸಿಯಾಗುವಷ್ಟು ಕಾಲ ರಕ್ತ ಹರಿದರೆ ಅದೇ ಗೆಲುವು. ಗಾಯ ಮುಚ್ಚಿದ ಮೇಲೆ ಚರ್ಮಕ್ಕೆ ಅಷ್ಟು ರಕ್ತ ಬೇಕಾಗುವುದಿಲ್ಲ. ನಡೆದಾಗ ಮಾತ್ರ ನೋವಿರುವವರಿಗೆ ಮಂಡಿ ಕೆಳಗಿನ ನಾಳಕ್ಕೆ ಬಲೂನ್ ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಸೊಂಟದ ನಾಳದಲ್ಲೂ ವ್ಯಾಯಾಮ ಸೋತಿಲ್ಲ. ಕ್ಲೆವರ್ ಅನ್ನುವ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಗುಡುಗಪ್ಪನವರಂಥ 111 ಜನ. ಆರು ತಿಂಗಳಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಯುವ ಸಮಯ ತರಬೇತಿ ಪಡೆದವರಲ್ಲಿ ಸರಾಸರಿ 5.8 ನಿಮಿಷ ಹೆಚ್ಚಾಯಿತು, ಸ್ಟೆಂಟ್ ಹಾಕಿಸಿಕೊಂಡವರಲ್ಲಿ 3.7 ನಿಮಿಷ, ಬರೀ ಔಷಧಿ ತೆಗೆದುಕೊಂಡವರಲ್ಲಿ 1.2 ನಿಮಿಷ. ಆದರೆ "ನಿಮಗೆ ಹೇಗನಿಸುತ್ತದೆ" ಅಂತ ಕೇಳಿದಾಗ ಸ್ಟೆಂಟಿನವರೇ ಹೆಚ್ಚು ಖುಷಿಯಾಗಿದ್ದರು. ಎರಡೂ ಸತ್ಯ.

ಈಗ ಮಾಡುವ ಕ್ರಮ. ಸಾಮಾನ್ಯವಾಗಿ ಎದುರು ಕಾಲಿನ ತೊಡೆಸಂದಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸೂಜಿ ಚುಚ್ಚುತ್ತೇವೆ. ತಂತಿ ಒಳಗೆ ಹೋಗುತ್ತದೆ, ಅದರ ಮೇಲೆ ಒಂದು ಸಣ್ಣ ಕೊಳವೆ. ಹೊಟ್ಟೆಯಲ್ಲಿ ಮುಖ್ಯ ನಾಳ ಎರಡಾಗಿ ಕವಲೊಡೆಯುವ ಜಾಗದವರೆಗೆ ಹೋಗಿ, ಅಲ್ಲಿಂದ ತಿರುಗಿ ನೋವಿರುವ ಕಾಲಿಗೆ ಇಳಿಯುತ್ತೇವೆ. ಎಕ್ಸ್-ರೇಯಲ್ಲಿ ನಾಳ ಕಾಣಿಸಲು ಡೈ ಬಿಟ್ಟಾಗ ಕಾಲಿನುದ್ದಕ್ಕೂ ಬಿಸಿ ಹರಿದ ಹಾಗೆ ಅನಿಸುತ್ತದೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ.

ಕಷ್ಟ ಇರುವುದು ಬ್ಲಾಕ್ ದಾಟುವುದರಲ್ಲಿ. ಹಳೆಯ ಬ್ಲಾಕ್ ತುದಿಯಲ್ಲಿ ಗಟ್ಟಿ ಮುಚ್ಚಳ ಇರುತ್ತದೆ. ತಂತಿಯ ತುದಿ ಅದಕ್ಕೆ ತಾಗಿ ಬಾಗುತ್ತದೆ, ಜಾರುತ್ತದೆ, ಪಕ್ಕದ ಸಣ್ಣ ನಾಳಕ್ಕೆ ನುಗ್ಗುತ್ತದೆ. ವಾಪಸ್ ಎಳೆದು ತಿರುಗಿಸಿ ಮತ್ತೆ ತಳ್ಳಬೇಕು. ಎಷ್ಟೋ ಸಲ ತಂತಿಯೇ ಕುಣಿಕೆಯಾಗಿ ನಾಳದ ಗೋಡೆಯ ಪದರಗಳ ನಡುವೆ ಇಳಿಯುತ್ತದೆ. ಅದನ್ನು ಬೇಕೆಂದೇ ಮಾಡುವ ವಿಧಾನವೂ ಇದೆ: ಗೋಡೆಯೊಳಗೆ ಸಾಗಿ, ಬ್ಲಾಕ್ ಮುಗಿದ ಮೇಲೆ ಮತ್ತೆ ನಾಳದೊಳಕ್ಕೆ ಬರುವುದು. ಆ ಕಡೆ ಬರಲು ಆಗದಿದ್ದರೆ ಕೆಲವೊಮ್ಮೆ ಪಾದದ ನಾಳಕ್ಕೆ ಚುಚ್ಚಿ ಕೆಳಗಿನಿಂದ ಮೇಲೆ ಬರುತ್ತೇವೆ. ಅದೂ ಆಗದಿದ್ದರೆ ನಿಲ್ಲಿಸುತ್ತೇವೆ. ನಿಲ್ಲಿಸುವುದು ಗೊತ್ತಿರಬೇಕು.

ದಾಟಿದ ಮೇಲೆ ಬಲೂನ್. ತೊಡೆಯಲ್ಲಿ ಸಾಮಾನ್ಯವಾಗಿ ಐದಾರು ಮಿಲಿಮೀಟರ್ ಅಗಲದ್ದು. ಎರಡು ಮೂರು ನಿಮಿಷ ಉಬ್ಬಿಸಿ ಹಿಡಿಯುತ್ತೇವೆ. ಆಗ ಎಳೆದ ಹಾಗೆ ಮಂದ ನೋವು ಬರುತ್ತದೆ. ಅದು ಸರಿ. ಚುಚ್ಚಿದಂಥ ಜೋರು ನೋವು ಬಂದರೆ ಬಾಯಿ ಬಿಟ್ಟು ಹೇಳಬೇಕು, ನಾಳ ಹರಿಯುವ ಸೂಚನೆ ಇರಬಹುದು. ಬಲೂನ್ ಕೊಬ್ಬನ್ನು ತೆಗೆಯುವುದಿಲ್ಲ. ಅದನ್ನು ಬಿರುಕು ಬಿಡಿಸಿ ಗೋಡೆಯನ್ನು ಹಿಗ್ಗಿಸುತ್ತದೆ. ಹಾಗಾಗಿ ಒಂದಷ್ಟು ಸೀಳು ಇದ್ದೇ ಇರುತ್ತದೆ. ಆ ಸೀಳು ರಕ್ತದ ಓಟಕ್ಕೆ ಅಡ್ಡ ಬಂದರೆ ಅಥವಾ ಗೋಡೆ ಮತ್ತೆ ಕುಗ್ಗಿದರೆ ಸ್ಟೆಂಟ್. ಸುಣ್ಣ ಜಾಸ್ತಿ ಇದ್ದರೆ ಮೊದಲು ಶಬ್ದದ ಅಲೆ ಬಿಟ್ಟು ಅದನ್ನು ಬಿರಿಸುವ ಬಲೂನ್ ಇದೆ, ಕೊರೆಯುವ ಕೆರೆಯುವ ಉಪಕರಣಗಳೂ ಇವೆ.

ಸ್ಟೆಂಟ್ ಎಲ್ಲಾ ಕಡೆ ಇಡುವಂತಿಲ್ಲ. ತೊಡೆಯ ನಾಳ ನಡೆದಾಗ ತಿರುಚಿಕೊಳ್ಳುತ್ತದೆ, ಕುಗ್ಗುತ್ತದೆ, ಬಾಗುತ್ತದೆ. ಅದಕ್ಕೇ ಅಲ್ಲಿ ನಿಟಿನಾಲ್ ಲೋಹದ, ತಾನಾಗಿ ಬಿಚ್ಚಿಕೊಳ್ಳುವ ಸ್ಟೆಂಟ್ ಬಳಸುತ್ತೇವೆ. ಆದರೂ ಕೆಲವು ಮುರಿಯುತ್ತವೆ. ಮಂಡಿಯ ಹಿಂದೆ ಸಾಧ್ಯವಾದಷ್ಟೂ ಇಡುವುದಿಲ್ಲ. ತೊಡೆಸಂದಿಯಲ್ಲಿ ಬ್ಲಾಕ್ ಇದ್ದರೆ ಸಣ್ಣ ಸರ್ಜರಿ ಮಾಡಿ ಕೊಬ್ಬನ್ನು ಕೆರೆದು ತೆಗೆಯುವುದೇ ಸಾಮಾನ್ಯವಾಗಿ ಉತ್ತಮ.

ಈಗ ನನ್ನ ಅಭಿಪ್ರಾಯ. ಆಂಜಿಯೋ ಚಿತ್ರ (ಡೈ ಬಿಟ್ಟು ತೆಗೆದ ನಾಳದ ಚಿತ್ರ) ನೋಡಿ ನಿರ್ಧಾರ ಮಾಡಬಾರದು, ಪಾದ ನೋಡಿ ಮಾಡಬೇಕು. ಒಂದೇ ಥರದ ಬ್ಲಾಕ್ ಇರುವ ಇಬ್ಬರಲ್ಲಿ ಒಬ್ಬರಿಗೆ ನಾಳೆಯೇ ಮಾಡಬೇಕಾಗಬಹುದು, ಇನ್ನೊಬ್ಬರಿಗೆ ಎಂದೂ ಬೇಡದಿರಬಹುದು. "ಮುಂದೆ ಕಾಲು ಹೋಗದಿರಲಿ ಅಂತ ಈಗಲೇ ತೆರೆದಿಡೋಣ" ಅನ್ನುವ ವಾದ ಕೇಳಲು ಚೆನ್ನಾಗಿದೆ. ಆದರೆ ಬರೀ ಆ ಕಾರಣಕ್ಕೆ ಮಾಡಬಾರದು ಅಂತ ಅಮೆರಿಕದ ಹೃದ್ರೋಗ ಸಂಘಗಳ ಮಾರ್ಗಸೂಚಿಯೇ ಸ್ಪಷ್ಟವಾಗಿ ಹೇಳುತ್ತದೆ. ನಡೆದಾಗ ಮಾತ್ರ ನೋವಿರುವವರಲ್ಲಿ ಕಾಲು ಕಳೆದುಕೊಳ್ಳುವವರು ನೂರರಲ್ಲಿ ಕೆಲವೇ ಜನ. ಶುಗರ್ ಮತ್ತು ಸಿಗರೇಟು ಎರಡೂ ಇದ್ದರೆ ಆ ಸಂಖ್ಯೆ ಏರುತ್ತದೆ. ಅದರಲ್ಲಿ ಒಂದು ಅಪ್ಪನ ಕೈಯಲ್ಲೇ ಇದೆ.

ಸಂಶಯ ಪಿಶಾಚಿ

ಡಾಕ್ಟ್ರೇ, ಇಷ್ಟು ನೇರವಾಗಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. ಔಷಧಿ ಹಚ್ಚಿದ ಬಲೂನ್?

ತಂತಿ ಡಾಕ್ಟರ್

ಹೌದು, ಬಿಟ್ಟುಹೋಯಿತು. ಬಲೂನ್ ಮಾಡಿದ ಗಾಯಕ್ಕೆ ನಾಳದ ಒಳಗೋಡೆ ಜೀವಕೋಶ ಬೆಳೆಸಿ ಉತ್ತರ ಕೊಡುತ್ತದೆ. ತಿಂಗಳುಗಳಲ್ಲಿ ಮತ್ತೆ ಕಿರಿದಾಗುವುದು ಹೀಗೆ. ಅದನ್ನು ತಡೆಯಲು ಪ್ಯಾಕ್ಲಿಟಾಕ್ಸೆಲ್ ಅನ್ನುವ ಔಷಧಿಯನ್ನು ಬಲೂನಿಗೆ ಹಚ್ಚುತ್ತಾರೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ಔಷಧಿ ಅದು, ಇಲ್ಲಿ ಪ್ರಮಾಣ ಬಹಳ ಕಡಿಮೆ. ತೊಡೆಯ ನಾಳದಲ್ಲಿ ಮತ್ತೆ ಮತ್ತೆ ಬಲೂನ್ ಮಾಡುವ ಅಗತ್ಯವನ್ನು ಅದು ಕಡಿಮೆ ಮಾಡುತ್ತದೆ.

2018ರ ಡಿಸೆಂಬರಿನಲ್ಲಿ ಹಲವು ಪ್ರಯೋಗಗಳ ಲೆಕ್ಕ ಒಟ್ಟುಗೂಡಿಸಿದ ಒಂದು ಲೇಖನ ಬಂತು. ಎರಡು ವರ್ಷದ ನಂತರ ಈ ಬಲೂನ್ ಮತ್ತು ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಸಾವು ಹೆಚ್ಚು ಅಂತ ಅದು ಹೇಳಿತು. 2019ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌.ಡಿ.ಎ. ಎಚ್ಚರಿಕೆ ಕೊಟ್ಟಿತು. ಆಮೇಲೆ ಆ ಪ್ರಯೋಗಗಳಲ್ಲಿ ನಡುವೆ ಸಂಪರ್ಕ ತಪ್ಪಿಹೋಗಿದ್ದ ರೋಗಿಗಳನ್ನು ಹುಡುಕಿ, ಹೆಚ್ಚು ವರ್ಷಗಳ ಮಾಹಿತಿ ಸೇರಿಸಿ ನೋಡಿದರು. 2023ರ ಜುಲೈನಲ್ಲಿ ಅದೇ ಎಫ್‌.ಡಿ.ಎ. ಸಾವು ಹೆಚ್ಚುತ್ತದೆ ಅನ್ನುವುದಕ್ಕೆ ಈ ಮಾಹಿತಿಯಲ್ಲಿ ಆಧಾರ ಇಲ್ಲ ಅಂತ ಹೇಳಿತು. ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ಗಲಾಟೆಯ ಮೊದಲ ಅರ್ಧ ಮಾತ್ರ ಎಲ್ಲೆಡೆ ಓಡಾಡುತ್ತಿದೆ.

ಕಿಟಕಿ ಸೀಟು

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಮಾವನಿಗೂ ನಡೆದರೆ ಕಾಲು ನೋವು. ಆದರೆ ಸುಮ್ನೆ ನಿಂತರೂ ನೋಯುತ್ತದೆ, ಕೂತರೆ ಅಥವಾ ಮುಂದಕ್ಕೆ ಬಗ್ಗಿದರೆ ಮಾತ್ರ ಆರಾಮ. ಇದೂ ಬ್ಲಾಕೇನಾ?

ಲ್ಯಾಬ್ ಸಿಸ್ಟರ್

ಅದು ಬೆನ್ನುಮೂಳೆಯಲ್ಲಿ ನರಕ್ಕೆ ಜಾಗ ಕಿರಿದಾದಾಗ ಬರುವ ನೋವಿನ ಲಕ್ಷಣ. ನಾಳದ ನೋವು ನಿಂತರೆ ಸಾಕು, ಹೋಗುತ್ತದೆ. ಬಗ್ಗಬೇಕಿಲ್ಲ. ಆದರೆ ಆ ವಯಸ್ಸಲ್ಲಿ ಎರಡೂ ಒಟ್ಟಿಗೆ ಇರಬಹುದು. ಎ.ಬಿ.ಐ. ಮಾಡಿಸಿಬಿಡಿ, ಸೂಜಿ ಇಲ್ಲ, ಡೈ ಇಲ್ಲ.

ನೀಲಿ ಛತ್ರಿ

ಡಾಕ್ಟರ್, ಅಮ್ಮನಿಗೆ ಬೈಪಾಸ್ (ಬ್ಲಾಕ್ ದಾಟಿಸಿ ಬೇರೆ ನಾಳ ಜೋಡಿಸುವ ಸರ್ಜರಿ) ಬದಲು ಬಲೂನ್ ಮಾಡಿದ್ದು ಸರಿಯೇ ಅಂತ ನಮ್ಮ ಮನೆಯಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ. ಎರಡನೇ ಸಲ ಮಾಡಿಸಬೇಕಾಯಿತಲ್ಲ, ಅದಕ್ಕೆ.

ತಂತಿ ಡಾಕ್ಟರ್

ಆ ಚರ್ಚೆ ನಿಮ್ಮ ಮನೆಯಲ್ಲಿ ಮಾತ್ರ ಅಲ್ಲ, ನಮ್ಮಲ್ಲೂ ಮುಗಿದಿಲ್ಲ. ಬೆಸ್ಟ್-ಸಿ.ಎಲ್.ಐ. ಪ್ರಯೋಗ 2022ರಲ್ಲಿ ಬಂತು, 1,830 ರೋಗಿಗಳು, ಎಲ್ಲರಿಗೂ ಕಾಲು ಅಪಾಯದಲ್ಲಿತ್ತು. ಬೈಪಾಸಿಗೆ ಬಳಸಲು ಕಾಲಿನ ಸ್ವಂತ ಸಿರೆ ಚೆನ್ನಾಗಿದ್ದವರಲ್ಲಿ ಬೈಪಾಸ್ ಗೆದ್ದಿತು. ಸಾವು ಅಥವಾ ಕಾಲಿಗೆ ದೊಡ್ಡ ತೊಂದರೆ ಬೈಪಾಸ್ ಆದವರಲ್ಲಿ 42.6%, ಬಲೂನ್-ಸ್ಟೆಂಟ್ ಆದವರಲ್ಲಿ 57.4%. ಒಳ್ಳೆಯ ಸಿರೆ ಇಲ್ಲದವರಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ.

ಮರುವರ್ಷವೇ ಬ್ರಿಟನ್ನಿನ ಬೇಸಿಲ್-2 ಬಂತು. ಮಂಡಿ ಕೆಳಗಿನ ನಾಳ ತೆರೆಯಬೇಕಾಗಿದ್ದ 345 ಜನ. ಅಲ್ಲಿ ಉಲ್ಟಾ. ಕಾಲು ಕಳೆದುಕೊಂಡವರು ಅಥವಾ ತೀರಿಕೊಂಡವರು ಬೈಪಾಸ್ ಗುಂಪಿನಲ್ಲಿ 63%, ಬಲೂನ್ ಗುಂಪಿನಲ್ಲಿ 53%. ರೋಗಿಗಳು ಬೇರೆ, ಬ್ಲಾಕಿನ ಜಾಗ ಬೇರೆ, ಲೆಕ್ಕ ಹಾಕಿದ ರೀತಿಯೂ ಬೇರೆ. ನಾನು ನೋಡುವುದು ಹೀಗೆ: ದೊಡ್ಡ ಸರ್ಜರಿ ತಡೆದುಕೊಳ್ಳುವ ಶಕ್ತಿ ಇದ್ದು, ಸಿರೆ ಚೆನ್ನಾಗಿದ್ದು, ಬ್ಲಾಕ್ ಉದ್ದವಾಗಿದ್ದರೆ ಸರ್ಜನ್ ಜೊತೆ ಮಾತಾಡದೆ ತಂತಿ ಹಿಡಿಯಬಾರದು. ವಯಸ್ಸಾಗಿ ಹೃದಯವೂ ಕೈಕೊಟ್ಟಿದ್ದರೆ ಬಲೂನ್ ಮೊದಲು. ಎರಡನೇ ಸಲ ಮಾಡಬೇಕಾಗಿ ಬಂದದ್ದು ಸೋಲಲ್ಲ, ಮಂಡಿ ಕೆಳಗೆ ಅದು ನಿರೀಕ್ಷಿತವೇ. ಪಾದ ಉಳಿದಿದೆಯಲ್ಲ.

ಈ ಕೆಲಸ ಶುರುವಾದದ್ದೇ ಹಾಗೆ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್ ಅನ್ನುವ ರೇಡಿಯಾಲಜಿಸ್ಟ್ 82 ವರ್ಷದ ಅಜ್ಜಿಯೊಬ್ಬರ ತೊಡೆಯ ನಾಳವನ್ನು ತೆರೆದರು. ಕಾಲ್ಬೆರಳು ಕೊಳೆಯುತ್ತಿದ್ದವು, ಕಾಲು ತೆಗೆಯಿರಿ ಅಂದರೆ ಅಜ್ಜಿ ಒಪ್ಪಿರಲಿಲ್ಲ. ಆಗ ಬಲೂನ್ ಇರಲಿಲ್ಲ. ಒಂದರ ಮೇಲೊಂದು ದಪ್ಪ ಕೊಳವೆ ತೂರಿಸಿ ಹಿಗ್ಗಿಸಿದರು. ಅಜ್ಜಿ ಕೊನೆಯವರೆಗೂ ಸ್ವಂತ ಕಾಲಲ್ಲೇ ನಡೆದರು. ಬಲೂನನ್ನು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ 1974ರಲ್ಲಿ ಕಾಲಿನ ನಾಳಕ್ಕೇ ಮೊದಲು ಬಳಸಿದರು. ಹೃದಯಕ್ಕೆ ಬಂದದ್ದು 1977ರಲ್ಲಿ. ಹೃದಯದ ಆಂಜಿಯೋಪ್ಲಾಸ್ಟಿಗೆ ಎಷ್ಟು ಹೆಸರು, ಆದರೆ ಅದರ ಅಣ್ಣ ಕಾಲಿನದ್ದು ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ವಿಭಾಗದವರ ಹಳೆಯ ಕೊರಗು ಇದು, ಬಿಡಿ.

ಗುಡುಗಪ್ಪ

ಡಾಕ್ಟ್ರೇ, ನಾನು ಹಾಗಾದರೆ ಅದೃಷ್ಟವಂತ ಅನ್ನಿ. ಒಂದು ಪ್ರಶ್ನೆ. ನನಗೆ ಆಸ್ಪಿರಿನ್ ಜೊತೆ ಇನ್ನೊಂದು ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ದರು. ಕೆಲವು ತಿಂಗಳಾದ ಮೇಲೆ ನಾನೇ ಎರಡೂ ನಿಲ್ಲಿಸಿದೆ. ಏನೂ ಆಗಿಲ್ಲವಲ್ಲ.

ಲ್ಯಾಬ್ ಸಿಸ್ಟರ್

ಅಯ್ಯೋ, ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಎರಡರಲ್ಲಿ ಒಂದನ್ನು ಕೆಲವು ತಿಂಗಳ ನಂತರ ನಿಲ್ಲಿಸುವುದುಂಟು. ಎರಡನ್ನೂ ಅಲ್ಲ. ಈ ಮಾತ್ರೆ ಸ್ಟೆಂಟಿಗೆ ಮಾತ್ರ ಅಂದುಕೊಳ್ಳಬೇಡಿ. ಕಾಲಿನ ನಾಳದ ಕಾಯಿಲೆ ಇರುವವರಿಗೆ ಕಾಲಿಗಿಂತ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯುವಿನ ಅಪಾಯವೇ ದೊಡ್ಡದು. ಕೊಲೆಸ್ಟರಾಲ್ ಮಾತ್ರೆಯೂ ಅದಕ್ಕೇ, ಕೊಲೆಸ್ಟರಾಲ್ ನಾರ್ಮಲ್ ಇದ್ದರೂ ಕೊಡುತ್ತಾರೆ.

ಬಲೂನ್ ಅಥವಾ ಸರ್ಜರಿ ಆದವರಿಗೆ ಈಗ ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಿವರೋಕ್ಸಬಾನ್ 2.5 ಮಿಲಿಗ್ರಾಂ ದಿನಕ್ಕೆ ಎರಡು ಸಲ ಕೊಡುವ ಪದ್ಧತಿಯೂ ಇದೆ. 2020ರ ವಾಯೇಜರ್ ಪ್ರಯೋಗದಲ್ಲಿ, 6,564 ಜನರಲ್ಲಿ, ಕಾಲು ಮತ್ತು ಹೃದಯದ ತೊಂದರೆಗಳು ಅದರಿಂದ ಕಡಿಮೆಯಾದವು, ರಕ್ತಸ್ರಾವ ಸ್ವಲ್ಪ ಹೆಚ್ಚಾಯಿತು. ಯಾರಿಗೆ ಕೊಡಬಹುದು ಅನ್ನುವುದು ಡಾಕ್ಟರ್ ತೀರ್ಮಾನ.

ಮಾಡಿಸಿಕೊಳ್ಳುವವರಿಗೆಲ್ಲ ಒಂದೆರಡು ಮಾತು. ಡೈ ಕೊಡುವ ಮೊದಲು ಕಿಡ್ನಿ ಟೆಸ್ಟ್ ಆಗಿರಬೇಕು. ಕಿಡ್ನಿ ದುರ್ಬಲ ಇದ್ದವರಲ್ಲಿ ಡೈ ಬದಲು ಕಾರ್ಬನ್ ಡೈ ಆಕ್ಸೈಡ್ ಅನಿಲ ಬಿಟ್ಟೂ ಚಿತ್ರ ತೆಗೆಯಬಹುದು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಬೇಕಾ ಅಂತ ಮೊದಲೇ ಕೇಳಿ. ಆಮೇಲೆ ಚುಚ್ಚಿದ ಕಡೆಯ ಕಾಲನ್ನು ಕೆಲವು ಗಂಟೆ ಮಡಚುವಂತಿಲ್ಲ. ಎದ್ದು ಬಾತ್‌ರೂಮಿಗೆ ಹೋಗಿಯೇ ಎಷ್ಟೋ ಜನ ರಕ್ತ ಬರಿಸಿಕೊಂಡಿದ್ದಾರೆ. ಮನೆಗೆ ಹೋದ ಮೇಲೆ ತೊಡೆಸಂದಿ ಊದಿ ಮಿಡಿದರೆ, ಅಥವಾ ಬೆನ್ನು, ಹೊಟ್ಟೆಯ ಪಕ್ಕ ನೋವು ಬಂದು ತಲೆ ಸುತ್ತಿದರೆ ತಡ ಮಾಡಬೇಡಿ.

ಯಾರಿಗೇ ಆಗಲಿ, ಕಾಲು ದಿಢೀರ್ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದು, ಬೆರಳು ಆಡಿಸಲು ಆಗದೆ ಹೋದರೆ ಅದು ಬೇರೆಯದೇ ಕಥೆ. ಹೆಪ್ಪುಗಟ್ಟಿದ ರಕ್ತ ನಾಳವನ್ನು ಒಮ್ಮೆಲೇ ಮುಚ್ಚಿರುತ್ತದೆ. ಆಗ ಇರುವುದು ಗಂಟೆಗಳ ಲೆಕ್ಕ. ಆರು ಗಂಟೆ ದಾಟಿದರೆ ಸ್ನಾಯು ಸಾಯುವ ಅಪಾಯ ಏರುತ್ತಾ ಹೋಗುತ್ತದೆ. ಎಣ್ಣೆ ತಿಕ್ಕುವುದು, ಬಿಸಿನೀರಿನ ಬ್ಯಾಗು ಇಡುವುದು ಯಾವುದೂ ಬೇಡ. ನೇರ ಎಮರ್ಜೆನ್ಸಿಗೆ.

ಮಳೆಬಿಲ್ಲು

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಹೋಗಿ ಬಂದೆವು. ನೀವು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಡಾಕ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ, ಒಳ್ಳೆಯದಾಯಿತು ಅಂದರು. ಎ.ಬಿ.ಐ. ಬಲಗಾಲು 0.62, ಎಡಗಾಲು 0.94. ಹೆಬ್ಬೆರಳ ಬಿ.ಪಿ.ಯೂ ನೋಡಿದರು, ಪಾದಕ್ಕೆ ಸದ್ಯಕ್ಕೆ ಅಪಾಯ ಇಲ್ಲ ಅಂದರು. ಹೃದಯದ ಎಕೋ ಸ್ಕ್ಯಾನ್ ಸರಿ ಇದೆ. ಮೂರು ತಿಂಗಳು ಮೇಷ್ಟ್ರು ಹೇಳಿದ ಥರ ನಡಿಗೆ, ಆಸ್ಪಿರಿನ್, ಕೊಲೆಸ್ಟರಾಲ್ ಮಾತ್ರೆ, ಜೊತೆಗೆ ನಡೆಯುವ ದೂರ ಹೆಚ್ಚಿಸಲು ಸಿಲೋಸ್ಟಜಾಲ್ 100 ಮಿಲಿಗ್ರಾಂ ದಿನಕ್ಕೆ ಎರಡು. ಆಮೇಲೂ ಅಪ್ಪನಿಗೆ ಓಡಾಟ ಕಷ್ಟ ಅನಿಸಿದರೆ ಬಲೂನ್. ಗಾಯವೋ ರಾತ್ರಿ ನೋವೋ ಬಂದರೆ ಅದೇ ದಿನ ಬನ್ನಿ ಅಂದಿದ್ದಾರೆ. ಅಣ್ಣ ಒಪ್ಪಿದ್ದಾನೆ. ಸಿಗರೇಟಿನ ವಿಷಯಕ್ಕೆ ಮಾತ್ರ ಅಪ್ಪ ಮುಖ ತಿರುಗಿಸಿಕೊಂಡು ಕೂತಿದ್ದಾರೆ.

ಒಂದು ಸಂದೇಹ. ಸಿಲೋಸ್ಟಜಾಲ್ ಶುರು ಮಾಡಿದ ಮೇಲೆ ತಲೆನೋವು, ಎದೆ ಡವಡವ ಅನ್ನುತ್ತದೆ ಅಂತಾರೆ. ಗ್ಯಾಸಿಗೆ ಒಮೆಪ್ರಜೋಲ್ ಮೊದಲಿನಿಂದ ನಡೆಯುತ್ತಿದೆ. ಸಿಲೋಸ್ಟಜಾಲ್ ನಿಲ್ಲಿಸಬೇಕಾ?

ಲ್ಯಾಬ್ ಸಿಸ್ಟರ್

ತಲೆನೋವು, ಡವಡವ, ಭೇದಿ ಇವು ಆ ಮಾತ್ರೆಗೆ ಸಾಮಾನ್ಯ. ಕೆಲವರಿಗೆ ದಿನ ಕಳೆದಂತೆ ಕಡಿಮೆಯಾಗುತ್ತದೆ. ಆದರೆ ಒಮೆಪ್ರಜೋಲ್ ಜೊತೆಗಿದ್ದರೆ ಸಿಲೋಸ್ಟಜಾಲ್ ರಕ್ತದಲ್ಲಿ ಜಾಸ್ತಿ ಉಳಿಯುತ್ತದೆ. ಅಂಥವರಿಗೆ 50 ಮಿಲಿಗ್ರಾಂ ದಿನಕ್ಕೆ ಎರಡು ಸಲಕ್ಕೆ ಇಳಿಸುವುದು ವಾಡಿಕೆ, ಇಲ್ಲವೇ ಗ್ಯಾಸಿನ ಮಾತ್ರೆ ಬದಲಾಯಿಸುತ್ತಾರೆ. ಒಮೆಪ್ರಜೋಲ್ ನಡೆಯುತ್ತಿದೆ ಅಂತ ಡಾಕ್ಟರಿಗೆ ಹೇಳಿದ್ದೀರಾ? ಇವತ್ತೇ ಫೋನ್ ಮಾಡಿ ಕೇಳಿ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಇಟ್ಟುಕೊಳ್ಳಬೇಡಿ. ಸಿಲೋಸ್ಟಜಾಲ್ ಅನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾಗಿ ಎರಡು ಗಂಟೆ ಬಿಟ್ಟು ಕೊಡಿ, ಊಟದ ಜೊತೆ ಬೇಡ.

ಎಕೋ ಮೊದಲೇ ಮಾಡಿಸಿದ್ದು ಒಳ್ಳೆಯದಾಯಿತು. ಹೃದಯ ವೈಫಲ್ಯ ಇದ್ದವರಿಗೆ ಸಿಲೋಸ್ಟಜಾಲ್ ಕೊಡುವಂತೆಯೇ ಇಲ್ಲ.

ನಡಿಗೆ ಮೇಷ್ಟ್ರು

ಡವಡವ ನಿಲ್ಲುವವರೆಗೆ ಜೋರು ನಡಿಗೆ ಬೇಡ, ಡಾಕ್ಟರ್ ಹೇಳಿದ ಮೇಲೆ ಶುರು ಮಾಡಿ. ಅಪ್ಪನಿಗೆ ಒಂದು ಪುಸ್ತಕ ಕೊಡಿ, ಪ್ರತಿ ಸಲ ನೋವು ಶುರುವಾದ ಸಮಯ, ನಿಂತ ಸಮಯ ಬರೆಯಲಿ. ಆರನೇ ವಾರ "ಏನೂ ಆಗಿಲ್ಲ" ಅಂದಾಗ ಮೊದಲ ಪುಟ ತೆಗೆದು ತೋರಿಸಿ.